ಬಾಮೈದ ಹಿಡಿದ ಹಗ್ಗ

ಹೋದ ಸೋಮವಾರ ಬೆಳಗಿನ ಬಸ್ಸಿನ ಕಂಡಕ್ಟರ್ ಬಿಳಿಕೆರೆಯಲ್ಲಿ ಇಳಿದು, ಜನ ಹತ್ತುವುದನ್ನೂ ನೋಡದೆ ನಮ್ಮ ಶಾಲೆಯ ಗೇಟಿನವರೆಗೆ ಬಂದ. ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. 'ಮೇಷ್ಟ್ರೇ, ನಿಮ್ ಭಾವ ತೀರೋದ್ರಂತೆ. ಆಡಿಯಿಂದ ಯೋಳಿ ಕಳ್ಸವ್ರೆ. ನೀವ್ ಬರೋಗಂಟ ಮಣ್ಣು ಮಾಡಾಕಿಲ್ವಂತೆ' ಎಂದು ಹೇಳಿ ಓಡಿಹೋಗಿ ಬಸ್ಸು ಹತ್ತಿದ. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ನನ್ನ ಮುಖ ನೋಡಿದರು. ನಾನು ಒಬ್ಬನೇ ಮಗ, ಒಡಹುಟ್ಟಿದ ಅಕ್ಕತಂಗಿಯರಿಲ್ಲ ಎಂಬುದು ಅವರಿಗೆ ಗೊತ್ತು. ಜೇನುಕುರುಬರ ಹಾಡಿಯಲ್ಲಿ ನನಗೊಬ್ಬ ಭಾವ ಎಲ್ಲಿಂದ ಬಂದ ಎಂದು ಅವರು ಕೇಳುವ ಮೊದಲೇ ರಜಾ ಚೀಟಿ ಬರೆದುಕೊಟ್ಟು ಹೊರಟೆ. ಆರು ವರ್ಷದಿಂದ ಯಾರ ಹತ್ತಿರವೂ ಬಾಯಿ ಬಿಡದಿದ್ದುದನ್ನು ಈಗ ಬರೆಯಲು ಕೂತಿದ್ದೇನೆ.

ಅವನ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ನಾನು ಅವನನ್ನು ಕರೆದದ್ದೇ ಕಡಿಮೆ. ಎಚ್.ಡಿ. ಕೋಟೆ ಕಡೆಯ ಕಾಡಿನ ಜೇನುಕುರುಬ. ಕುಳ್ಳಗೆ, ಗಟ್ಟಿಯಾಗಿದ್ದ. ಕಾಲ್ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡ ಹಾಗೆ ದೂರದೂರ ಇದ್ದವು. ಮಾತು ಕಮ್ಮಿ. ಅವನದೊಂದು ಚಾಳಿಯಿತ್ತು. ಯಾವುದನ್ನೇ ಆಗಲಿ ನಂಬುವ ಮೊದಲು ಎರಡು ಸಲ ಜಗ್ಗಿ ನೋಡುತ್ತಿದ್ದ. ಹೋಟೆಲಿನ ಬೆಂಚಿನ ಮೇಲೆ ಕೂರುವ ಮುಂಚೆ ಬೆಂಚನ್ನು ಎರಡು ಸಲ ಜಗ್ಗುವನು. ಬಸ್ಸಿನ ಕಂಬಿ ಹಿಡಿದರೂ ಅಷ್ಟೆ. ನಮ್ಮನ್ನು ಬೆಟ್ಟ ಹತ್ತಿಸುತ್ತಿದ್ದ ಡ್ರಿಲ್ ಮೇಷ್ಟ್ರು ಮೊದಲ ಸಲ ಕೈಕುಲುಕಲು ಹೋದಾಗ ಅವರ ಕೈಯನ್ನೂ ಹಾಗೇ ಎರಡು ಸಲ ಜಗ್ಗಿದ. ಮೇಷ್ಟ್ರು ಮುಗ್ಗರಿಸಿದರು, ನಾವೆಲ್ಲ ನಕ್ಕೆವು.

ಅವನು ನಮಗೆ ಸಿಕ್ಕಿದ್ದು ಬೆಟ್ಟದಪುರದ ಬೆಟ್ಟದಲ್ಲಿ. ನಾನಾಗ ಬಿ.ಎ. ಮುಗಿಸಿ, ಕೆಲಸವಿಲ್ಲದೆ, ಹುಣಸೂರಿನ ಸೋದರಮಾವನ ಮನೆಯಲ್ಲಿದ್ದುಕೊಂಡು ಅವರ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ನೋಡಿಕೊಳ್ಳುತ್ತಿದ್ದೆ. ನಮ್ಮೂರು ಸಾಲಿಗ್ರಾಮದ ಹತ್ತಿರ. ನಾಲೆ ಬಯಲಿನ ಗದ್ದೆ, ಗೌಡಿಕೆಯ ಗತ್ತಿನ ಅಪ್ಪ. ಹೊಟ್ಟೆಗೆ ಬಟ್ಟೆಗೆ ಕೊರತೆಯಿಲ್ಲದ, ಯಾವುದಕ್ಕೂ ಬೆವರು ಹರಿಸದ ಹುಡುಗನಾಗಿದ್ದೆ. ಹುಣಸೂರಿನಲ್ಲಿ ಆ ಡ್ರಿಲ್ ಮೇಷ್ಟ್ರು ಯುವಕ ಸಂಘ ನಡೆಸುತ್ತಿದ್ದರು. ನಮ್ಮ ಸೀಮೆಯ ಹುಡುಗರನ್ನು ಹಿಮಾಲಯದ ಒಂದು ಹಿಮಶಿಖರ ಹತ್ತಿಸಬೇಕೆಂಬ ಹುಚ್ಚು ಅವರಿಗೆ. ಎರಡು ವರ್ಷ ಕಾಗದ ಬರೆದು ಬರೆದು, ಉತ್ತರದ ಕಡೆಯ ಒಂದು ತರಬೇತಿ ಶಿಬಿರದವರನ್ನು ಒಪ್ಪಿಸಿದ್ದರು. ಹುಡುಗರನ್ನು ಕರೆದುಕೊಂಡು ಬನ್ನಿ, ಹತ್ತಿಸಲು ನಮ್ಮ ಗೈಡು ಇರುತ್ತಾನೆ ಎಂದು ಅವರು ಬರೆದಿದ್ದರು.

ಅಭ್ಯಾಸಕ್ಕೆಂದು ಬೆಟ್ಟದಪುರದ ಬಂಡೆಗೆ ತೆಂಗಿನ ನಾರಿನ ಹಗ್ಗ ಕಟ್ಟಿಕೊಂಡು, ಮಂಡಿ ತರಚಿಕೊಂಡು ಒದ್ದಾಡುತ್ತಿದ್ದೆವು. ಆಗ ನಮ್ಮ ತಲೆಯ ಮೇಲಿನ ಕಡಿದಾದ ಬಂಡೆಯಿಂದ ಇವನು ಇಳಿದು ಬಂದ. ಸೊಂಟದಲ್ಲಿ ಮಚ್ಚು, ಹೆಗಲಲ್ಲಿ ಜೇನಿನ ತಗಡು ಡಬ್ಬ. ಮೇಲೆ ಯಾರೂ ಇರಲಿಲ್ಲ, ಹಗ್ಗವನ್ನು ಒಂದು ಮರಕ್ಕೆ ಕಟ್ಟಿದ್ದ. ಮೇಷ್ಟ್ರು ಅಲ್ಲೇ ಅವನನ್ನು ಹಿಡಿದುಕೊಂಡರು. ನಮ್ಮ ಜೊತೆ ಬಾ, ಅಡುಗೆಗೂ ಆಯಿತು, ಹಗ್ಗಕ್ಕೂ ಆಯಿತು ಎಂದರು. ಅವನು ಕೇಳಿದ್ದು ಒಂದೇ ಮಾತು. 'ಮೇಲ್ ನಿಂತು ಅಗ್ಗ ಇಡಿಯೋನ್ ಯಾರು ಬುದ್ದಿ?' ಗೈಡು ಹಿಡಿಯುತ್ತಾನೆ ಎಂದರು ಮೇಷ್ಟ್ರು. 'ಅವನ ತಂಗಿ ನನ್ ಎಂಡ್ರಲ್ವಲ್ಲ' ಎಂದ ಇವನು.

ನಮಗೆ ನಗು. ಆಮೇಲೆ ಅವನೇ ಬಿಡಿಸಿ ಹೇಳಿದ. ಬಂಡೆಜೇನು ಕೀಳಲು ಇಳಿದವನ ಹಗ್ಗವನ್ನು ಅವರ ಮನೆತನದಲ್ಲಿ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಸ್ವಂತ ಅಣ್ಣತಮ್ಮಂದಿರು ಹಿಡಿಯುವ ಹಾಗಿಲ್ಲ. ಹಗ್ಗ ಬಿಟ್ಟರೆ ತನ್ನ ತಂಗಿಯೇ ಮುಂಡೆಯಾಗುತ್ತಾಳೆ ಎಂಬ ಭಯ ಬಾಮೈದನಿಗೆ ಇರುತ್ತದಂತೆ. ಕೆಳಗಿನವನು ಎರಡು ಸಲ ಜಗ್ಗಿದರೆ 'ಇದ್ದೀಯಾ' ಎಂದರ್ಥ, ಮೇಲಿನವನು ಎರಡು ಸಲ ಜಗ್ಗಿದರೆ 'ಇದ್ದೀನಿ' ಎಂದರ್ಥ. ಅವನ ಹೆಂಡತಿಗಿದ್ದ ಒಬ್ಬನೇ ಅಣ್ಣ ಜ್ವರದಲ್ಲಿ ತೀರಿಕೊಂಡ ಮೇಲೆ ಹಗ್ಗವನ್ನು ಮರಕ್ಕೆ ಕಟ್ಟುತ್ತಿದ್ದ. ಮರ ಉತ್ತರ ಕೊಡುವುದಿಲ್ಲ, ಆದರೆ ಕೈಬಿಡುವುದೂ ಇಲ್ಲ ಎನ್ನುವುದು ಅವನ ಲೆಕ್ಕ. ಮೇಷ್ಟ್ರು ಅದು ಹೇಗೆ ಒಪ್ಪಿಸಿದರೋ ಕಾಣೆ, ಅಂತೂ ಹೊರಟ.

ಬೆಚ್ಚನೆಯ ಬಟ್ಟೆಗಾಗಿ ಗುರುಪುರಕ್ಕೆ ಹೋದೆವು. ಟಿಬೆಟಿನವರು ಅಲ್ಲಿ ಬಂದು ನೆಲೆಸಿ ಹೆಚ್ಚು ಕಾಲವಾಗಿರಲಿಲ್ಲ. ಜೋಳದ ಹೊಲದಲ್ಲಿದ್ದ ಒಬ್ಬ ಮುದುಕ ನಮ್ಮ ಬೂಟುಗಳನ್ನು ಮುಟ್ಟಿ ನೋಡಿ ತಲೆ ಅಲ್ಲಾಡಿಸಿದ. ಹಿಮದ ಕಣಿವೆಗಳನ್ನು ನಡೆದು ದಾಟಿ ಬಂದವನು ಅವನು. ಆಕಾಶ ತೋರಿಸಿ, ಸೂರ್ಯ ನೆತ್ತಿಗೆ ಬರುವುದರೊಳಗೆ ಇಳಿದುಬಿಡಿ, ಆಮೇಲೆ ಹಿಮ ಮೆತ್ತಗಾಗುತ್ತದೆ ಎಂದು ಕೈಸನ್ನೆಯಲ್ಲೇ ತಿಳಿಸಿದ. ನಾವು ತಲೆಯಾಡಿಸಿ ಸ್ವೆಟರು ಕೊಂಡುಕೊಂಡು ಬಂದೆವು. ಆ ಮುದುಕನ ಮಾತು ಕೆಡಿಸಿದವನು ನಾನು, ಅದೂ ಒಂದು ಮುದ್ದೆಗಾಗಿ.

ರೈಲಿನಲ್ಲಿ ನಾಲ್ಕು ದಿನ, ಆಮೇಲೆ ಬಸ್ಸು, ಆಮೇಲೆ ನಡಿಗೆ. ಮೇಷ್ಟ್ರು, ಇವನು, ನಾವು ಮೂವರು ಹುಡುಗರು. ಗೈಡು ಅಲ್ಲಿಯ ಗುಡ್ಡಗಾಡಿನವನು, ಎಲ್ಲರೂ ಅವನನ್ನು ಉಸ್ತಾದ್ ಎನ್ನುತ್ತಿದ್ದರು. ಹತ್ತು ದಿನ ಹಿಮದ ಮೇಲೆ ನಡೆಯುವುದನ್ನೂ ಬಿದ್ದರೆ ಹಿಮಗೊಡಲಿ ಊರುವುದನ್ನೂ ಕಲಿಸಿದ. ಸೊಂಟಕ್ಕೆ ಒಂದು ಪಟ್ಟಿ, ಪಟ್ಟಿಗೆ ಕಬ್ಬಿಣದ ಕೊಂಡಿ, ಕೊಂಡಿಗೆ ನೈಲಾನ್ ಹಗ್ಗ. ಕೊಂಡಿಯ ತಿರುಪು ಬಿಗಿದರೆ ತಾನಾಗಿ ಬಿಚ್ಚುವುದಿಲ್ಲ. ಬೂಟು ಇವನ ಪಾದಕ್ಕೆ ಒಗ್ಗಲೇ ಇಲ್ಲ. ಕೊನೆಗೆ ಎರಡೂ ಪಕ್ಕ ಮಚ್ಚಿನಲ್ಲಿ ಸೀಳಿ, ಗೋಣಿಚೂರು ಸುತ್ತಿಕೊಂಡ. ಹಿಮಗೊಡಲಿಯನ್ನು ಎರಡು ಸಲ ಜಗ್ಗಿ ನೋಡಿ ಪರವಾಗಿಲ್ಲ ಎಂದ, ಆದರೆ ಸೊಂಟದ ಮಚ್ಚು ಬಿಡಲಿಲ್ಲ.

ಶಿಖರಕ್ಕೆ ಹೊರಡುವ ಹಿಂದಿನ ಸಂಜೆ ಮೇಲಿನ ಡೇರೆಯಲ್ಲಿ ಅವಲಕ್ಕಿ ತಿಂದು ತಿಂದು ನನಗೆ ತಲೆಕೆಟ್ಟಿತ್ತು. ಇವನ ಚೀಲದಲ್ಲಿ ರಾಗಿ ಹಿಟ್ಟಿತ್ತು. ಮುದ್ದೆ ಮಾಡು ಎಂದು ಹಠ ಹಿಡಿದೆ. ಇಲ್ಲಿ ನೀರು ಸುಡುವುದೇ ಇಲ್ಲ, ಬೇಡ ಬುದ್ದಿ ಎಂದ. ಅಷ್ಟು ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಏನನ್ನೂ ಬೇಯಿಸುವುದಿಲ್ಲ ಎಂಬುದನ್ನು ಅವನು ಹತ್ತು ದಿನ ಒಲೆ ಮುಂದೆ ಕೂತು ಕಂಡುಕೊಂಡಿದ್ದ. ನಾನು ಗೌಡನ ಮಗ, ಕೇಳುತ್ತೇನೆಯೇ? ಗದರಿಸಿ ಮಾಡಿಸಿದೆ. ಒಳಗೆ ಹಸಿ ಹಿಟ್ಟು ಹಾಗೇ ಇದ್ದ ಮುದ್ದೆಯನ್ನು ನಾವೆಲ್ಲ ಊರಿನ ನೆನಪಿನಲ್ಲಿ ನುಂಗಿದೆವು. ಬೆಳಗಿನ ಜಾವ ಹೊರಡಬೇಕಾದವರು ಹೊಟ್ಟೆ ಹಿಡಿದುಕೊಂಡು ಹಿಮದಲ್ಲಿ ಹೊರಗೆ ಒಳಗೆ ಓಡಾಡಿದೆವು. ಇಬ್ಬರು ಹುಡುಗರು ಡೇರೆಯಲ್ಲೇ ಉಳಿದರು. ಉಸ್ತಾದ್, ಮೇಷ್ಟ್ರು, ಇವನು ಮತ್ತು ನಾನು ಹೊರಟಾಗ ಬಿಸಿಲು ಬಂದುಬಿಟ್ಟಿತ್ತು.

ತುದಿ ಮುಟ್ಟಿದಾಗ ಮಧ್ಯಾಹ್ನ. ಮೇಷ್ಟ್ರು ಅತ್ತರು. ಇವನು ಸುತ್ತ ಒಂದು ಸಲ ನೋಡಿ, ಜೇನಿಲ್ಲ ಏನಿಲ್ಲ, ಇಲ್ಲಿಗೆ ಯಾಕೆ ಬಂದೆವು ಎಂದು ನನ್ನನ್ನು ಕೇಳಿದ. ಕೆಳಗಿನಿಂದ ಮಂಜು ಏರುತ್ತಿತ್ತು. ಉಸ್ತಾದನ ಮುಖ ಬಿಗಿದುಕೊಂಡಿತು. ಇಳಿಯತೊಡಗಿದ ಸ್ವಲ್ಪ ಹೊತ್ತಿಗೆ ಮೇಷ್ಟ್ರಿಗೆ ಹೆಜ್ಜೆ ಎತ್ತಿಡಲಾಗಲಿಲ್ಲ. ಉಸ್ತಾದ್ ಅವರನ್ನು ಹೆಚ್ಚುಕಮ್ಮಿ ಹೊತ್ತುಕೊಂಡೇ ಮುಂದೆ ಹೋದ. ನಾವಿಬ್ಬರು ಒಂದೇ ಹಗ್ಗದಲ್ಲಿ ಅವರ ಹೆಜ್ಜೆ ಹಿಡಿದು ಬರಬೇಕು, ನಾನು ಮುಂದೆ, ಇವನು ಹಿಂದೆ ಎಂದು ಹೇಳಿದ್ದ. ಮಂಜಿನಲ್ಲಿ ಹೆಜ್ಜೆಗಳು ಮಾಯವಾದವು. ಮುಂದೆ ನಡೆಯಲು ನನಗೆ ಧೈರ್ಯ ಸಾಲಲಿಲ್ಲ. ನೀನೇ ಮುಂದೆ ಹೋಗು ಎಂದೆ. ಅವನು ನನ್ನನ್ನು ದಾಟಿಕೊಂಡು ಇಳಿದ.

ಇಪ್ಪತ್ತು ಹೆಜ್ಜೆ ಹೋಗಿದ್ದನೋ ಇಲ್ಲವೋ, ಅವನ ಕಾಲಡಿಯ ಹಿಮ ಸದ್ದಿಲ್ಲದೆ ಕುಸಿಯಿತು. ಅವನಿದ್ದ ಜಾಗದಲ್ಲಿ ಅವನಿರಲಿಲ್ಲ. ಹಗ್ಗ ಬಿಗಿದು ನನ್ನನ್ನು ಮುಖ ಅಡಿಯಾಗಿ ಕೆಡವಿ ಎಳೆಯಿತು. ಹಿಮಗೊಡಲಿ ಊರಿದೆ, ನಿಂತೆ. ಆಮೇಲೆ ಒಂದು ಗೇಣು ಜಾರಿದೆ. ಇನ್ನೊಂದು ಗೇಣು. ಹಿಮದ ಅಂಚು ನನ್ನಿಂದ ಎರಡು ಮಾರು ದೂರದಲ್ಲಿತ್ತು. ಆಚೆ ಬರೀ ಬಿಳಿ. ಪಟ್ಟಿ ಹೊಟ್ಟೆಯನ್ನು ಕತ್ತರಿಸುವ ಹಾಗೆ ಬಿಗಿಯುತ್ತಿತ್ತು. ಇವನ ಜೊತೆ ನಾನೂ ಸಾಯುತ್ತೇನೆ ಎಂಬುದೊಂದೇ ನನ್ನ ತಲೆಯಲ್ಲಿ.

ಇದ್ದಕ್ಕಿದ್ದ ಹಾಗೆ ಹಗ್ಗ ಸಡಿಲವಾಯಿತು. ಕೆಳಗೆ ಅವನ ಕಾಲಿಗೆ ಚಾಚಿಕೊಂಡ ಬಂಡೆಯೊಂದು ಸಿಕ್ಕಿರಬಹುದು ಎಂದು ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ನಾನು ಯೋಚಿಸಲಿಲ್ಲ. ಗವಸು ಬಾಯಲ್ಲಿ ಕಚ್ಚಿ ಎಳೆದು, ಕೊಂಡಿಯ ತಿರುಪು ಬಿಚ್ಚಿ, ಹಗ್ಗವನ್ನು ಸೊಂಟದಿಂದ ಕಳಚಿ ಹಿಮದ ಮೇಲೆ ಹಾಕಿದೆ. ಕೈ ನಡುಗಿತು ಎಂದು ಬರೆದುಬಿಡಬಹುದು, ಆದರೆ ಅದು ಸುಳ್ಳು. ಕೈ ಒಂದಿಷ್ಟೂ ನಡುಗಲಿಲ್ಲ.

ಹಿಮದ ಮೇಲೆ ಬಿದ್ದಿದ್ದ ಹಗ್ಗ ಒಂದು ಸಲ ಅಲ್ಲಾಡಿತು. ಮತ್ತೊಂದು ಸಲ ಅಲ್ಲಾಡಿತು. ಇದ್ದೀಯಾ ಎಂದು ಅವನು ಕೇಳುತ್ತಿದ್ದ. ತುದಿ ನನ್ನ ಕೈಗೆ ಎಟಕುವಷ್ಟು ಹತ್ತಿರದಲ್ಲಿತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎರಡು ಜಗ್ಗು. ನಾನು ಕೈ ಚಾಚಲಿಲ್ಲ, ಕೂಗಲೂ ಇಲ್ಲ. ಆಮೇಲೆ ಆ ಹಗ್ಗ ತಾನಾಗಿ ಸರಿದುಹೋಗಿ, ಅಂಚು ದಾಟಿ, ಕಣ್ಮರೆಯಾಯಿತು. ಅಲ್ಲಿಗೆ ಅವನಿಗೆ ಗೊತ್ತಾಯಿತು.

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಮೇಷ್ಟ್ರಿಗೆ ಏನು ಹೇಳಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಹೌದು, ಅವನು ಬದುಕಿದ್ದಾನೋ ಇಲ್ಲವೋ ತಿಳಿಯುವ ಮೊದಲೇ ಸುಳ್ಳು ಜೋಡಿಸುತ್ತಿದ್ದೆ. ಆಗ ಎಡಗಡೆಯಿಂದ ಟಕ್ ಟಕ್ ಎಂದು ಸದ್ದು ಕೇಳಿತು. ಮಚ್ಚಿನಿಂದ ಹಿಮದಲ್ಲಿ ಮೆಟ್ಟಿಲು ಕಡಿದುಕೊಂಡು ಅವನು ಹತ್ತಿ ಬರುತ್ತಿದ್ದ. ಹಗ್ಗ ಸುರುಳಿಯಾಗಿ ಹೆಗಲ ಮೇಲಿತ್ತು. ಒಂದು ಕಿವಿಯಿಂದ ರಕ್ತ ಇಳಿದು ಹೆಪ್ಪುಗಟ್ಟಿತ್ತು.

ನನ್ನ ಎದುರು ಕುಕ್ಕರುಗಾಲಲ್ಲಿ ಕೂತ. ನನ್ನ ಸೊಂಟದ ಖಾಲಿ ಕೊಂಡಿ ನೋಡಿದ. ಬೈಯುತ್ತಾನೆ, ಮಚ್ಚು ಎತ್ತುತ್ತಾನೆ ಎಂದು ಕಾದೆ. ಹಾಗೆ ಮಾಡಿದ್ದರೆ ನನಗೆ ಒಳ್ಳೆಯದೇ ಆಗುತ್ತಿತ್ತು. ಅವನು ಹಗ್ಗದ ತುದಿ ತೆಗೆದು ನನ್ನ ಕೊಂಡಿಗೆ ಸಿಕ್ಕಿಸಿದ, ತಿರುಪು ಬಿಗಿದ, ಎರಡು ಸಲ ಜಗ್ಗಿದ. ಮತ್ತೆ ಎರಡು ಸಲ ಜಗ್ಗಿ, ನನ್ನ ಕಣ್ಣನ್ನೇ ನೋಡುತ್ತ ಕೂತ. ಆಗ ನಾನು ಹಗ್ಗ ಹಿಡಿದು ಎರಡು ಸಲ ಜಗ್ಗಿದೆ.

'ಇಲ್ಲಿ ಮರ ಇಲ್ಲ' ಎಂದ. 'ಇವತ್ತಿಂದ ನೀನ್ ನನ್ ಬಾಮೈದ. ಮೇಲ್ ಕೂತ್ಕೊ. ನಾನ್ ಇಳೀತೀನಿ.'

ಅಲ್ಲಿಯವರೆಗೆ ನಾನು ಅವನಿಗೆ ಬುದ್ದಿ, ಗೌಡರೇ. ಅವತ್ತು ಮೊದಲ ಸಲ ನೀನು ಅಂದ.

ಕುಸಿದ ಅಂಚನ್ನು ಬಳಸಿ ಹೋಗಬೇಕಾದರೆ ಗೋಡೆಯಂಥ ಹಿಮದಲ್ಲಿ ಮೆಟ್ಟಿಲು ಕಡಿಯುತ್ತ ಇಳಿಯಬೇಕು. ಕಡಿಯಲು ನನಗೆ ಬಾರದು. ಹಿಮ್ಮಡಿ ಹೇಗೆ ಊರಬೇಕು, ಹಗ್ಗವನ್ನು ಬೆನ್ನಿನ ಸುತ್ತ ಹೇಗೆ ತರಬೇಕು ಎಂದು ತೋರಿಸಿದ. ಅಂಚಿನ ಕಡೆ ನೋಡಬೇಡ, ಹಗ್ಗ ನೋಡು ಎಂದ. ಆಮೇಲೆ, ಈಗಷ್ಟೇ ತನ್ನನ್ನು ಸಾಯಲು ಬಿಟ್ಟವನ ಕೈಗೆ ತನ್ನ ಜೀವ ಕೊಟ್ಟು, ಬೆನ್ನು ತಿರುಗಿಸಿ ಇಳಿದ. ನಾಲ್ಕು ಸಲ ಅವನ ಭಾರವೆಲ್ಲ ಹಗ್ಗಕ್ಕೆ ಬಿತ್ತು. ನಾಲ್ಕು ಸಲವೂ ನಾನು ಅಳುತ್ತ ಹಿಡಿದೆ. ಕಣ್ಣೀರು ಕೆನ್ನೆಯ ಮೇಲೆ ಗಟ್ಟಿಯಾಗುತ್ತಿತ್ತು. ಕೆಳಗಿನಿಂದ ಎರಡು ಜಗ್ಗು ಬಂದಾಗಲೆಲ್ಲ ಎರಡು ಜಗ್ಗು ಕೊಟ್ಟೆ. ಕೊನೆಗೆ ಅವನು ಕಡಿದ ಮೆಟ್ಟಿಲುಗಳಲ್ಲಿ ಕಾಲಿಟ್ಟು ನಾನೂ ಇಳಿದೆ.

ಡೇರೆಯಲ್ಲಿ ಉಸ್ತಾದ್ ಕೇಳಿದ್ದಕ್ಕೆ ಇವನು ಹೇಳಿದ್ದು ಇಷ್ಟೆ, ಹಿಮ ಕುಸಿಯಿತು, ಇವ ಹಿಡಿದುಕೊಂಡ. ಸುಳ್ಳಲ್ಲ. ಎರಡನೇ ಸಲದ ಮಾತನ್ನು ಮೊದಲನೇ ಸಲಕ್ಕೆ ಹೇಳಿದ, ಅಷ್ಟೆ. ಉಸ್ತಾದ್ ನನ್ನ ಬೆನ್ನು ತಟ್ಟಿದ. ಹಿಮಕ್ಕೆ ಉಜ್ಜಿ ಜೂಲು ಎದ್ದಿದ್ದ ಆ ಹಗ್ಗ ಇನ್ನು ಶಿಬಿರದ ಕೆಲಸಕ್ಕೆ ಬರುವುದಿಲ್ಲ ಎಂದು ಇವನಿಗೇ ಕೊಟ್ಟ. ಹುಣಸೂರಿಗೆ ಬಂದ ಮೇಲೆ ಯುವಕ ಸಂಘದವರು ಸಭೆ ಮಾಡಿ, ಒಬ್ಬನ ಪ್ರಾಣ ಉಳಿಸಿದವನೆಂದು ನನಗೆ ಹಾರ ಹಾಕಿದರು. ಹಾಕಿಸಿಕೊಂಡೆ. ಇವನು ಕೊನೆಯ ಬೆಂಚಿನಲ್ಲಿ ಕೂತು ಎಲ್ಲರ ಜೊತೆ ಚಪ್ಪಾಳೆ ತಟ್ಟಿದ. ಆ ಚಪ್ಪಾಳೆಯನ್ನು ನಾನು ಮರೆತಿಲ್ಲ.

ಆಮೇಲೆ ಶುರುವಾಯಿತು ನೋಡಿ. ಪೇಟೆಯಲ್ಲಿ, ಬಸ್ ಸ್ಟಾಂಡಿನಲ್ಲಿ, ಬ್ಯಾರನ್ ಮುಂದೆ, ಎಲ್ಲಿ ಕಂಡರೂ 'ಬಾಮೈದ' ಎಂದು ಕರೆಯುವನು. ಗೆಳೆಯರು ನಿನ್ನ ಯಾವ ತಂಗಿಯನ್ನು ಕೊಟ್ಟಿದ್ದೀಯ ಎಂದು ಚುಡಾಯಿಸಿದರು. ಹಾಡಿಯವನೊಬ್ಬ ಗೌಡರ ಮಗನನ್ನು ಬೀದಿಯಲ್ಲಿ ಹಾಗೆ ಕರೆಯುವುದು ಆ ಕಾಲಕ್ಕೆ ಚುಡಾಯಿಸುವಷ್ಟಕ್ಕೇ ನಿಲ್ಲುವ ಮಾತಲ್ಲ. ಒಂದು ದಿನ ಅಪ್ಪ ಹುಣಸೂರಿಗೆ ಬಂದಿದ್ದಾಗ, ಅವರ ಎದುರಿಗೇ ಕರೆದ. ಅಪ್ಪ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡರು. ಬಸ್ ಸ್ಟಾಂಡಿನಲ್ಲಿ ಇದ್ದವರೆಲ್ಲ ನಿಂತು ನೋಡಿದರು. ಅವನು ಓಡಲಿಲ್ಲ, ಕೈ ಮುಗಿಯಲೂ ಇಲ್ಲ, ನನ್ನ ಮುಖ ನೋಡುತ್ತ ನಿಂತ. ನಾನು ನಡುವೆ ಹೋಗಿ ಅಪ್ಪನ ಕೈ ಹಿಡಿದುಕೊಂಡೆ. 'ಕರೀಲಿ ಬುಡಪ್ಪ' ಎಂದೆ. 'ಅವನಿಗೆ ಅಕ್ಕು ಐತೆ.' ಏನು ಹಕ್ಕು ಎಂದು ಅಪ್ಪ ಕೇಳಿದರು. ಚಪ್ಪಲಿಯನ್ನು ಅವರ ಕೈಯಿಂದ ಬಿಡಿಸಿ ಕೆಳಗಿಟ್ಟೆ. ಅಪ್ಪ ಆರು ತಿಂಗಳು ನನ್ನ ಜೊತೆ ಮಾತಾಡಲಿಲ್ಲ.

ಮರುವರ್ಷ ಜೇನು ಕೀಳುವ ಕಾಲಕ್ಕೆ ಬಂದು, ನಡಿ ಬಾಮೈದ, ಹಗ್ಗ ಹಿಡಿಯಬೇಕು ಎಂದ. ಹೋದೆ. ಆ ವರ್ಷದಿಂದ ಆರು ಕಾಲ ಹಿಡಿದಿದ್ದೇನೆ. ಬಿಳಿಕೆರೆಯಲ್ಲಿ ಕೆಲಸ ಸಿಕ್ಕ ಮೇಲೂ ರಜೆ ಹಾಕಿ ಹೋಗುತ್ತಿದ್ದೆ. ಅದೇ ನೈಲಾನ್ ಹಗ್ಗ. ಕೆಳಗೆ ಹೆಜ್ಜೇನಿನ ಗುಂಯ್‌ಗುಡುವ ಸದ್ದು, ಹೊಗೆ, ಮೇಲೆ ನಾನು. ಹಗ್ಗ ಬಿಗಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಅದೇ ಪಟ್ಟಿ ಬಿಗಿಯುವುದು. ಅವನು ನನ್ನನ್ನು ನಂಬುತ್ತಾನೋ, ಪರೀಕ್ಷೆ ಮಾಡುತ್ತಾನೋ, ಇಲ್ಲ ಶಿಕ್ಷೆ ಕೊಡುತ್ತಿದ್ದಾನೋ ನನಗೆ ತಿಳಿಯಲೇ ಇಲ್ಲ. ಒಂದು ಸಲ ಕೇಳಿಯೇಬಿಡೋಣ ಎಂದು ಬಾಯಿ ತೆರೆದೆ. ಅವನು ಜೇನುಹುಟ್ಟಿನ ಚೂರೊಂದನ್ನು ಮುರಿದು ನನ್ನ ಬಾಯಿಗಿಟ್ಟು ಮುಂದೆ ನಡೆದ.

ಅರಣ್ಯ ಇಲಾಖೆಯವರು ಹಾಡಿಯನ್ನು ಕಾಡಿನೊಳಗಿಂದ ರಸ್ತೆಯಂಚಿಗೆ ತಂದು ಹಾಕಿದ ಮೇಲೆ ಅವನು ಸೊರಗಿದ. ನಾನು ಹೋದಾಗಲೆಲ್ಲ ಅವನ ಹೆಂಡತಿ ಅಣ್ಣ ಬಂದ ಎಂದು ನೀರು ಕೊಟ್ಟು, ಸುಟ್ಟ ಗೆಣಸು ಬಡಿಸುವಳು. ಗೌರಿ ಹಬ್ಬಕ್ಕೆ ನಾನು ಸೀರೆ ತೆಗೆದುಕೊಂಡು ಹೋಗುತ್ತಿದ್ದೆ. ಗಂಡನ ಜೀವ ಉಳಿಸಿದ ಅಣ್ಣನೆಂದು ಇಷ್ಟು ಪ್ರೀತಿ ತೋರಿಸುತ್ತಾಳೆ ಎಂದುಕೊಂಡು, ಅವಳ ಕೈಯ ತುತ್ತನ್ನು ಅವಳ ಮುಖ ನೋಡದೆ ನುಂಗುತ್ತಿದ್ದೆ. ನಿಜ ಗೊತ್ತಿರುವುದು ನಮ್ಮಿಬ್ಬರಿಗೇ, ಅವನು ಸತ್ತರೆ ನನಗೊಬ್ಬನಿಗೇ ಎಂಬ ಹಲ್ಕಾ ಯೋಚನೆಯೂ ಒಮ್ಮೊಮ್ಮೆ ಬಂದದ್ದುಂಟು.

ಸೋಮವಾರ ನಾನು ತಲುಪಿದಾಗ ಗುಂಡಿ ತೋಡಿ ಮುಗಿದಿತ್ತು. ಬಂಡೆಯಿಂದ ಬಿದ್ದು ಸತ್ತವನಲ್ಲ, ಮೂರು ದಿನದ ಜ್ವರ. ಚಾಪೆಯಲ್ಲಿ ಸುತ್ತಿ ಮಲಗಿಸಿದ್ದರು. ಅವನನ್ನು ಗುಂಡಿಗೆ ಇಳಿಸಲು ತಂದಿಟ್ಟಿದ್ದ ಹಗ್ಗವನ್ನು ಹತ್ತಿರ ಹೋಗಿ ನೋಡಿದೆ. ಜೂಲು ಎದ್ದ ಅದೇ ನೈಲಾನ್ ಹಗ್ಗ, ಎರಡು ತುಂಡಾಗಿತ್ತು. ಕಾಲಿನ ಕಡೆ ಹಿಡಿಯಲು ಅವನ ತಮ್ಮಂದಿರು ನಿಂತಿದ್ದರು. ತಲೆಯ ಕಡೆಯದು ಹೆಂಡತಿಯ ಅಣ್ಣನದು ಎಂದು ಅಲ್ಲಿದ್ದ ಹಿರಿಯ ನನಗೆ ಜಾಗ ಬಿಟ್ಟ.

ನಾನು ಹಿಂದೆ ಸರಿದೆ. ಅವಳ ಹತ್ತಿರ ಹೋಗಿ, ನಾನು ಹಿಡಿಯಬಾರದು ತಾಯಿ, ನಾನು ಅಂಥವನಲ್ಲ, ಅವತ್ತು ಹಿಮದಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ ಎಂದೆ. ಅವಳು ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಹಗ್ಗದ ತುದಿ ಎತ್ತಿ ತಾನೇ ನನ್ನ ಕೈಗಿಟ್ಟು, ಬೆರಳು ಮಡಚಿದಳು.

'ಗೊತ್ತು ಕಣಣ್ಣ. ಬಂದ್ ದಿನವೇ ಯೋಳ್ದ. ಗೌಡ ಅಗ್ಗ ಬಿಚ್ಬುಟ್ಟ, ಅದ್ಕೇ ಅವನ್ನ ನಿನ್ ಅಣ್ಣ ಮಾಡ್ಕೊಂಡ್ ಬಂದೆ, ಇನ್ನೆಂದೂ ಬುಡಾಕಿಲ್ಲ ಅವ ಅಂದ' ಎಂದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. 'ಅವತ್ ನೀವ್ ಗಕ್ಕನೆ ಬುಟ್ಬುಟ್ರಂತೆ. ಇವತ್ ನಿಧಾನಕ್ಕೆ ಬುಡಿ.'

ಹಿಮ್ಮಡಿ ಊರಿ, ಹಗ್ಗವನ್ನು ಬೆನ್ನಿನ ಸುತ್ತ ತಂದುಕೊಂಡು, ನಿಧಾನಕ್ಕೆ ಬಿಟ್ಟೆ.